ಮಕ್ಕಳ ಇಎಸ್‌ಐ, ಊರಿನಲ್ಲಿರುವ ಅಪ್ಪ ಅಮ್ಮನಿಗೂ



ಈ ಪುಟದಲ್ಲಿ ಸಾಮಾನ್ಯವಾಗಿ ಸಭೆ, ಉಪನ್ಯಾಸ, ಮಕ್ಕಳ ಸ್ಪರ್ಧೆಗಳ ವಿಷಯ ಇರುತ್ತದೆ. ಈ ಸಲ ಅದರ ಜೊತೆಗೆ ಆಸ್ಪತ್ರೆ ಖರ್ಚಿನ ಮಾತು. ಸಂಘದ ಸಭೆ ಮುಗಿದು ಟೀ ಕುಡಿಯುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಾಗಿ ಬರುವ ಮಾತು ಇದೇ ಆಗಿರುವುದರಿಂದ, ಒಮ್ಮೆ ಬರೆದೇ ಹೇಳೋಣ ಎನಿಸಿತು.

ಗೋರಂಟ್ಲ, ಹಿಂದೂಪುರ, ಮಡಕಶಿರಾ, ಪೆನುಕೊಂಡ, ಆ ಕಡೆ ಕಲ್ಯಾಣದುರ್ಗದವರೆಗೆ ನಮ್ಮವರ ಮನೆಗಳ ಸ್ಥಿತಿ ಹೆಚ್ಚು ಕಡಿಮೆ ಒಂದೇ. ಅಪ್ಪ ಅಮ್ಮ ಊರಿನಲ್ಲಿ ಕಡಲೆಕಾಯಿ ಹೊಲ, ಎರಡು ಹಸು ನೋಡಿಕೊಂಡು ಇರುತ್ತಾರೆ. ಮಗ ದೊಡ್ಡಬಳ್ಳಾಪುರದಲ್ಲೋ ಪೀಣ್ಯದಲ್ಲೋ ಕಾರ್ಖಾನೆಯಲ್ಲಿ, ಮಗಳು ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ. ಇತ್ತೀಚೆಗೆ ಎರ್ರಮಂಚಿಯ ಕಿಯಾ ಕಾರ್ಖಾನೆ ಮತ್ತು ಅದಕ್ಕೆ ಬಿಡಿಭಾಗ ಒದಗಿಸುವ ಕಂಪನಿಗಳಲ್ಲಿ ಇಲ್ಲೇ ಕೆಲಸ ಸಿಕ್ಕವರೂ ಇದ್ದಾರೆ. ಅಪ್ಪನಿಗೆ ಎದೆನೋವು ಬಂದ ರಾತ್ರಿ, ಅಮ್ಮನಿಗೆ ಮಂಡಿ ಆಪರೇಷನ್ ಆಗಲೇಬೇಕು ಎಂದು ಡಾಕ್ಟರ್ ಹೇಳಿದ ದಿನ, ಈ ಮಕ್ಕಳು ಸಾಲಕ್ಕೆ ಓಡುತ್ತಾರೆ. ಆದರೆ ಅವರ ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳೂ ‘ಇಎಸ್‌ಐ’ ಎಂದು ನೂರು, ನೂರೈವತ್ತು ರೂಪಾಯಿ ಕಡಿತವಾಗುತ್ತಲೇ ಇರುತ್ತದೆ. ಅದು ತಮ್ಮೊಬ್ಬರಿಗೇ ಎಂದು ಅವರು ತಿಳಿದಿರುತ್ತಾರೆ. ಹಾಗಲ್ಲ. ಅದರಲ್ಲಿ ಹೆಂಡತಿ, ಗಂಡ, ಮಕ್ಕಳು, ಅವಲಂಬಿತ ಅಪ್ಪ ಅಮ್ಮ ಎಲ್ಲರೂ ಸೇರುತ್ತಾರೆ. ಹೆಸರು ಬರೆಸಿರಬೇಕು, ಅಷ್ಟೇ. ಆ ‘ಅಷ್ಟೇ’ ಎಂಬಲ್ಲೇ ನಮ್ಮವರು ಸಿಕ್ಕಿಕೊಳ್ಳುವುದು.

ಮೊದಲು ಇದು ಏನು ಎಂಬುದು. ನೌಕರರ ರಾಜ್ಯ ವಿಮಾ ಕಾಯ್ದೆ 1948ರದು. ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರು 1944ರಲ್ಲಿ ಕೊಟ್ಟ ವರದಿ ಇದಕ್ಕೆ ಬುನಾದಿ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅವರು ಯೋಜನೆಯನ್ನು ಆರಂಭಿಸಿದರು. ಆಗ ಚಿಕಿತ್ಸೆ ಸಿಗುತ್ತಿದ್ದದ್ದು ಕಾರ್ಮಿಕರಿಗೆ ಮಾತ್ರ. ಮನೆಯವರನ್ನು ಸೇರಿಸಿದ್ದು ಆಮೇಲೆ. ದುಡಿಯುವವನು ಚೆನ್ನಾಗಿದ್ದು ಮನೆಯಲ್ಲಿ ಮಗು ಜ್ವರದಿಂದ ಮಲಗಿದ್ದರೆ ಅವನು ಡ್ಯೂಟಿಗೆ ಹೋಗುವುದು ಹೇಗೆ, ಸಾಲ ಮಾಡದೆ ಇರುವುದು ಹೇಗೆ? ಹಳೆಯ ತಲೆಮಾರಿನ ಕಾರ್ಮಿಕ ಮುಖಂಡರು ಇದನ್ನು ಬೇಗ ಅರ್ಥಮಾಡಿಕೊಂಡಿದ್ದರು.

ಈಗಿನ ಲೆಕ್ಕ ಹೀಗಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆ, ಅಂಗಡಿ, ಹೋಟೆಲು, ಸಾರಿಗೆ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಅಂಗವಿಕಲರಾದ ಕಾರ್ಮಿಕರಿಗೆ ಮಿತಿ 25,000. ಸಂಬಳದ ಮಿತಿಯನ್ನು 15,000ದಿಂದ 21,000ಕ್ಕೆ ಏರಿಸಿದ್ದು 2017ರ ಜನವರಿಯಿಂದ. ಕಂತಿನ ದರವನ್ನು ಇಳಿಸಿದ್ದು 2019ರ ಜುಲೈನಿಂದ. ಆಗಿನಿಂದ ಕಾರ್ಮಿಕರ ಪಾಲು ಸಂಬಳದ ಶೇ. 0.75, ಮಾಲೀಕರ ಪಾಲು ಶೇ. 3.25. ದೊಡ್ಡಬಳ್ಳಾಪುರದಲ್ಲಿ 18,000 ಸಂಬಳಕ್ಕಿರುವ ಹುಡುಗನ ಕೈಯಿಂದ ಹೋಗುವುದು 135 ರೂಪಾಯಿ. ಕಂಪನಿ ಕಟ್ಟುವುದು 585. ಒಟ್ಟು 720 ರೂಪಾಯಿಗೆ ಇಡೀ ಮನೆಗೆ ಚಿಕಿತ್ಸೆ. ಸಕ್ಕರೆ ಕಾಯಿಲೆ, ಬಿಪಿ ಇರುವ ಅರವತ್ತು ದಾಟಿದ ಅಪ್ಪ ಅಮ್ಮನಿಗೆ ಖಾಸಗಿ ವಿಮೆ ಮಾಡಿಸಲು ಒಮ್ಮೆ ವಿಚಾರಿಸಿದವರಿಗೆ ಈ ಮೊತ್ತ ಎಷ್ಟು ಸಣ್ಣದು ಎಂದು ಗೊತ್ತು. ಅಲ್ಲಿ ಹಳೆಯ ಕಾಯಿಲೆಗೆ ಕಾಯಬೇಕು, ಇಷ್ಟು ಲಕ್ಷದವರೆಗೆ ಎಂಬ ಮಿತಿಯೂ ಇರುತ್ತದೆ. ಇಎಸ್‌ಐನಲ್ಲಿ ಚಿಕಿತ್ಸೆಯ ಖರ್ಚಿಗೆ ಹಣದ ಮಿತಿ ಇಲ್ಲ, ಹಳೆಯ ಕಾಯಿಲೆ ಎಂದು ಹೊರಗೆ ಇಡುವುದೂ ಇಲ್ಲ.

ದಿನಕ್ಕೆ ಸರಾಸರಿ 176 ರೂಪಾಯಿಯೊಳಗೆ ಕೂಲಿ ಇರುವವರು ತಮ್ಮ ಪಾಲು ಕಟ್ಟಬೇಕಾಗಿಲ್ಲ, ಮಾಲೀಕರು ತಮ್ಮ ಪಾಲು ಕಟ್ಟಬೇಕು. ಕಂಟ್ರಾಕ್ಟರ್ ಮೂಲಕ ಸೇರಿದವರಿಗೂ ಹಕ್ಕು ಒಂದೇ. ಕಂಟ್ರಾಕ್ಟರ್ ಕಟ್ಟದಿದ್ದರೆ ಮುಖ್ಯ ಕಂಪನಿಯೇ ಹೊಣೆ. ಇದನ್ನು ಒತ್ತಿ ಹೇಳುತ್ತಿದ್ದೇವೆ, ಏಕೆಂದರೆ ನಮ್ಮ ಹುಡುಗರಲ್ಲಿ ಬಹಳಷ್ಟು ಮಂದಿ ಕಂಟ್ರಾಕ್ಟ್ ಮೇಲೆಯೇ ಇದ್ದಾರೆ, ‘ನಮಗೆಲ್ಲ ಅದು ಇಲ್ಲ’ ಎಂದು ತಾವಾಗಿಯೇ ತೀರ್ಮಾನ ಮಾಡಿಕೊಂಡುಬಿಡುತ್ತಾರೆ. ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುವ ಸೋಮಂದೇಪಲ್ಲಿ, ಹಿಂದೂಪುರ ಕಡೆಯ ನೇಕಾರ ಮನೆಗಳು ಮಾತ್ರ ಇದರೊಳಗೆ ಬರುವುದಿಲ್ಲ. ಅದು ಬೇಸರದ ಸಂಗತಿ, ಆದರೆ ಇರುವುದು ಹಾಗೆ.

ಯಾರು ಯಾರು ‘ಕುಟುಂಬ’

ಕಾಯ್ದೆಯಲ್ಲಿ ಕುಟುಂಬ ಎಂದರೆ ನಮ್ಮ ರೇಷನ್ ಕಾರ್ಡಿನ ಕುಟುಂಬವಲ್ಲ. ಗಂಡ ಅಥವಾ ಹೆಂಡತಿ ಸೇರುತ್ತಾರೆ. ಅಪ್ರಾಪ್ತ ವಯಸ್ಸಿನ ಮಕ್ಕಳು, ದತ್ತು ಮಕ್ಕಳೂ ಸೇರುತ್ತಾರೆ. ಓದುತ್ತಿರುವ ಮಗನಿಗೆ 21 ವರ್ಷ ತುಂಬುವವರೆಗೆ ಇದೆ. ಮದುವೆಯಾಗದ ಅವಲಂಬಿತ ಮಗಳಿಗೆ ವಯಸ್ಸಿನ ಮಿತಿಯನ್ನೇ ಹೇಳಿಲ್ಲ. ದೈಹಿಕ ಅಥವಾ ಮಾನಸಿಕ ದುರ್ಬಲತೆ ಇರುವ ಮಗುವಿಗೆ ಅದು ಇರುವವರೆಗೂ ಚಿಕಿತ್ಸೆ ಸಿಗುತ್ತದೆ. ಮದುವೆಯಾಗದ, ಅಪ್ಪ ಅಮ್ಮ ಇಬ್ಬರೂ ಇಲ್ಲದ ಕಾರ್ಮಿಕನಾದರೆ ಅವನನ್ನೇ ನಂಬಿದ ಅಪ್ರಾಪ್ತ ತಮ್ಮ ತಂಗಿಯರೂ ಸೇರುತ್ತಾರೆ. ಅಜ್ಜ ಅಜ್ಜಿ ಸೇರುವುದಿಲ್ಲ. ಮದುವೆಯಾದ ಮಗಳು ಸೇರುವುದಿಲ್ಲ. ಅಣ್ಣನ ಮಕ್ಕಳನ್ನು ನಾವೇ ಸಾಕುತ್ತಿದ್ದರೂ ಕಾನೂನಿನಂತೆ ದತ್ತು ತೆಗೆದುಕೊಂಡಿಲ್ಲವಾದರೆ ಅವರೂ ಇಲ್ಲ.

ಅಪ್ಪ ಅಮ್ಮನ ವಿಷಯದಲ್ಲಿ ಒಂದು ಷರತ್ತು ಇದೆ. ಎಲ್ಲ ಮೂಲಗಳಿಂದ ಬರುವ ಅವರ ಆದಾಯ ತಿಂಗಳಿಗೆ 9,000 ರೂಪಾಯಿ ದಾಟಬಾರದು. ‘ನಮ್ಮಪ್ಪನಿಗೆ ಪಿಂಚಣಿ ಬರುತ್ತದೆ, ಹಾಗಾಗಿ ಇಲ್ಲ’ ಎಂದು ಬಿಟ್ಟವರು ನಮ್ಮಲ್ಲೇ ಇದ್ದಾರೆ. ಆಂಧ್ರ ಸರ್ಕಾರ ಎನ್‌ಟಿಆರ್ ಭರೋಸಾದಲ್ಲಿ ಕೊಡುವ ವೃದ್ಧಾಪ್ಯ ಪಿಂಚಣಿ 4,000 ರೂಪಾಯಿ. ಅದೊಂದರಿಂದ ಮಿತಿ ದಾಟುವುದಿಲ್ಲ. ಮಳೆ ನಂಬಿದ ಎರಡು ಮೂರು ಎಕರೆ ಕಡಲೆಕಾಯಿಯಿಂದ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಒಳ್ಳೆಯ ಪಿಂಚಣಿ ತೆಗೆದುಕೊಳ್ಳುವವರಿಗೆ ಇದು ಸಿಗುವುದಿಲ್ಲ. ಅವರಿಗೆ ಬೇರೆ ದಾರಿ ಇರುತ್ತದೆ.

ಸೊಸೆಯ ಕಾರ್ಡಿನಲ್ಲಿ ಅತ್ತೆ ಮಾವ ಇರಬಹುದೇ ಎಂದು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಕೇಳುತ್ತಲೇ ಬಂದಿದ್ದಾರೆ. ಹಳೆಯ ಕಾಯ್ದೆಯಲ್ಲಿ ಅವಳ ಸ್ವಂತ ತಂದೆ ತಾಯಿಗೆ ಮಾತ್ರ ಅವಕಾಶ ಇತ್ತು. ಇದು ನಮ್ಮ ಕಡೆಯ ಮನೆಗಳಿಗೆ ವಿಚಿತ್ರವಾಗಿ ಕಾಣುತ್ತಿತ್ತು. ದುಡಿಯುವುದು ಸೊಸೆ, ಮಗು ನೋಡಿಕೊಳ್ಳುವುದು ಅತ್ತೆ, ಆದರೂ ಕಾರ್ಡಿನಲ್ಲಿ ಅತ್ತೆಗೆ ಜಾಗ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕುಟುಂಬದ ವ್ಯಾಖ್ಯೆ ಬದಲಾಗಿದೆ. ಕೆಲಸ ಮಾಡುವ ಹೆಣ್ಣುಮಕ್ಕಳ ಅವಲಂಬಿತ ಅತ್ತೆ ಮಾವಂದಿರನ್ನೂ, ಆದಾಯದ ಮಿತಿಗೆ ಒಳಪಟ್ಟು, ಅದರಲ್ಲಿ ಸೇರಿಸಿದ್ದಾರೆ. ಗಂಡಸರ ವಿಷಯದಲ್ಲಿ ಮಾತ್ರ ಹೆಂಡತಿಯ ತಂದೆ ತಾಯಿಯನ್ನು ಸೇರಿಸಿಲ್ಲ. ಮನೆ ಅಳಿಯಂದಿರು ಇರುವ ಮನೆಗಳು ಇದನ್ನು ಗಮನಿಸಬೇಕು. ಸೊಸೆಯಂದಿರು ತಮ್ಮ ಎಚ್‌ಆರ್ ಅವರನ್ನೋ ಇಎಸ್‌ಐ ಶಾಖಾ ಕಚೇರಿಯನ್ನೋ ಈಗಲೇ ಕೇಳಿ ಹೆಸರು ಸೇರಿಸುವ ಕೆಲಸ ಶುರುಮಾಡುವುದು ಒಳ್ಳೆಯದು.

ಕಾರ್ಡಿಗೆ ಗಡಿ ಇಲ್ಲ

ಇದು ನಮ್ಮಂತಹ ಗಡಿಯವರು ಮುಖ್ಯವಾಗಿ ತಿಳಿಯಬೇಕಾದ ವಿಷಯ. ರಾಜ್ಯ ಸರ್ಕಾರಗಳ ಆರೋಗ್ಯ ಯೋಜನೆಗಳು ರಾಜ್ಯದ ರೇಷನ್ ಕಾರ್ಡಿನ ಮೇಲೆ ನಿಂತಿವೆ. ಆಂಧ್ರದ ಆರೋಗ್ಯಶ್ರೀ ನಮಗೆ ಹೊಸದಲ್ಲ. 2007ರ ಏಪ್ರಿಲ್ 1ರಂದು ಅದು ಶುರುವಾದ ಮೊದಲ ಮೂರು ಜಿಲ್ಲೆಗಳಲ್ಲಿ ಮೆಹಬೂಬ್‌ನಗರ, ಶ್ರೀಕಾಕುಳಂ ಜೊತೆಗೆ ನಮ್ಮ ಅನಂತಪುರವೂ ಇತ್ತು. ಆಗ ಗೋರಂಟ್ಲ ಅದೇ ಜಿಲ್ಲೆಯಲ್ಲಿತ್ತು, ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದದ್ದು 2022ರಲ್ಲಿ. ಈಗ ಆ ಯೋಜನೆಯ ಹೆಸರು ಎನ್‌ಟಿಆರ್ ವೈದ್ಯಸೇವೆ. ಹೃದಯದ ಆಪರೇಷನ್‌ನಂತಹ ದೊಡ್ಡ ಚಿಕಿತ್ಸೆಗಳಿಗೆ ಅದರಿಂದ ಬದುಕಿದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಆದರೆ ದಿನಾ ನುಂಗುವ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಕೆಮ್ಮು ಜ್ವರಕ್ಕೆ ಡಾಕ್ಟರ್ ಬಳಿ ಹೋಗಿ ಬರುವುದು, ಇವಕ್ಕೆ ಅಂತಹ ಯೋಜನೆ ಅಲ್ಲ ಅದು. ಊರಿನ ವಯಸ್ಸಾದವರ ಕೈಯಿಂದ ತಿಂಗಳು ತಿಂಗಳೂ ಸೋರುವುದು ಈ ಸಣ್ಣ ದುಡ್ಡೇ.

ಇಎಸ್‌ಐ ಕೇಂದ್ರದ ಕಾನೂನು. ಅದರಲ್ಲಿ ಹೊರರೋಗಿ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ, ಒಳರೋಗಿಯಾಗಿ ಸೇರುವುದೂ ಇದೆ. ಕಾರ್ಮಿಕ ಕರ್ನಾಟಕದಲ್ಲಿ ದುಡಿದು ಅಪ್ಪ ಅಮ್ಮ ಆಂಧ್ರದಲ್ಲಿದ್ದರೆ ಅವರು ಆಂಧ್ರದಲ್ಲೇ, ಮನೆಗೆ ಹತ್ತಿರದ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತೋರಿಸಿಕೊಳ್ಳಬಹುದು. ಕೆಲಸಕ್ಕೆ ಸೇರುವಾಗ ತುಂಬಿಸುವ ಘೋಷಣಾ ಪತ್ರದಲ್ಲಿ ಪ್ರತಿಯೊಬ್ಬ ಕುಟುಂಬ ಸದಸ್ಯರ ಹೆಸರಿನ ಮುಂದೆ ‘ಕಾರ್ಮಿಕರ ಜೊತೆ ವಾಸವಿದ್ದಾರೆಯೇ’ ಎಂಬ ಪ್ರಶ್ನೆ ಇದೆ. ‘ಇಲ್ಲ’ ಎಂದರೆ ಊರು, ರಾಜ್ಯ ಬರೆಯಬೇಕು. ನಮ್ಮ ಹುಡುಗರು ಏನು ಮಾಡುತ್ತಾರೆ? ಸೇರಿದ ದಿನ ಹತ್ತು ಕಾಗದಕ್ಕೆ ಸಹಿ ಹಾಕುವ ಗಡಿಬಿಡಿಯಲ್ಲಿ, ಎಚ್‌ಆರ್ ಹುಡುಗ ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಬರುತ್ತಾರೆ. ಮದುವೆಯಾಗಿಲ್ಲ ಎಂದರೆ ಕುಟುಂಬವೇ ಇಲ್ಲ ಎಂದು ಎಷ್ಟೋ ಕಡೆ ಖಾಲಿ ಬಿಡುತ್ತಾರೆ. ಅಲ್ಲಿಗೆ ಅಪ್ಪ ಅಮ್ಮ ಹೊರಗೆ.

ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಮಗ ಆರು ವರ್ಷದಿಂದ ಒಂದೇ ಕಂಪನಿಯಲ್ಲಿ, ಕಂತು ಒಂದು ತಿಂಗಳೂ ತಪ್ಪಿಲ್ಲ. ತಾಯಿಗೆ ಗರ್ಭಕೋಶದ ಆಪರೇಷನ್ ಆಗಬೇಕಾದಾಗ ಕಾರ್ಡು ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಅವನೊಬ್ಬನ ಹೆಸರು. ಖಾಸಗಿ ಆಸ್ಪತ್ರೆಗೆ ಕಟ್ಟಿದ ದುಡ್ಡಿಗೆ ಆ ಮನೆ ಇನ್ನೂ ಬಡ್ಡಿ ಕಟ್ಟುತ್ತಿದೆ. ಹೆಸರು ಸೇರಿಸಲು ಆಮೇಲೆ ಹಿಡಿದದ್ದು ಒಂದೇ ವಾರ.

ಇನ್ನೊಂದು ತೊಡಕು ನಮ್ಮ ಗಡಿಯವರಿಗೇ ವಿಶೇಷವಾದದ್ದು: ಹೆಸರು. ಆಂಧ್ರದ ಆಧಾರ್‌ನಲ್ಲಿ ಮನೆಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಕರ್ನಾಟಕದ ಕಂಪನಿಯಲ್ಲಿ ಹೆಸರು ಮೊದಲು, ಕೊನೆಗೆ ತಂದೆಯ ಹೆಸರಿನ ಒಂದಕ್ಷರ. ತಾಯಿಯ ಹೆಸರು ಆಧಾರ್‌ನಲ್ಲಿ ‘ಅಮ್ಮ’ ಸೇರಿಕೊಂಡು ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಹುಟ್ಟಿದ ದಿನ ಎಲ್ಲರದೂ ಜನವರಿ ಒಂದೇ! ಆಧಾರ್ ಜೋಡಿಸುವಾಗ ಇವು ಹೊಂದದೆ ನಿಲ್ಲುತ್ತವೆ. ನಮ್ಮ ಸಲಹೆ ಇಷ್ಟೆ. ಎಲ್ಲಕ್ಕೂ ಆಧಾರ್‌ನಲ್ಲಿರುವ ಹೆಸರನ್ನೇ, ಅದೇ ಕ್ರಮದಲ್ಲಿ, ಅದೇ ಅಕ್ಷರಗಳಲ್ಲಿ ಕೊಡಿ. ಆಧಾರೇ ತಪ್ಪಾಗಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಇಎಸ್‌ಐಗೆ ಹೋಗಿ. ಹಿಂದುಮುಂದಾಗಿ ಮಾಡಿದರೆ ಎರಡು ಸಲ ರಜೆ ಹಾಕಬೇಕು.

ಹೆಸರು ಸೇರಿಸಲು ಕಂಪನಿಯ ಎಚ್‌ಆರ್ ವಿಭಾಗಕ್ಕೆ ಹೇಳಬೇಕು. ಅವರು ಇಎಸ್‌ಐ ಪೋರ್ಟಲ್‌ನಲ್ಲಿ ಸೇರಿಸುತ್ತಾರೆ. ಅವರು ಮುಂದೂಡುತ್ತಾ ಹೋದರೆ ಕಾರ್ಮಿಕರೇ ಶಾಖಾ ಕಚೇರಿಗೆ ಹೋಗಬಹುದು. ಪ್ರತಿಯೊಬ್ಬರ ಆಧಾರ್, ಫೋಟೋ, ಸಂಬಂಧ ತೋರಿಸುವ ದಾಖಲೆ ಬೇಕು. ಆದಮೇಲೆ ಇ-ಪೆಹಚಾನ್ ಕಾರ್ಡನ್ನು ಮತ್ತೆ ಪ್ರಿಂಟ್ ತೆಗೆದು ಒಂದೊಂದು ಹೆಸರನ್ನೂ ಓದಿ ನೋಡಿ. ಒಂದು ಪ್ರತಿ ಊರಿನ ಮನೆಯಲ್ಲಿ, ರೇಷನ್ ಕಾರ್ಡ್ ಇಡುವ ಕಡೆಯೇ ಇರಲಿ. ಮಗನ ಪರ್ಸಿನಲ್ಲಿ ದೊಡ್ಡಬಳ್ಳಾಪುರದಲ್ಲಿರುವ ಕಾರ್ಡು ಗೋರಂಟ್ಲದಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಉಮಂಗ್ ಆ್ಯಪ್‌ನಲ್ಲೂ ಇಎಸ್‌ಐ ವಿವರ ನೋಡಬಹುದು. ಸಹಾಯವಾಣಿ 1800-11-2526, ಉಚಿತ.

ಆಸ್ಪತ್ರೆಗೆ ಹೋಗುವ ಕ್ರಮ

ಇಲ್ಲಿ ನಮ್ಮವರು ಒಂದು ಹೆಜ್ಜೆ ಹಾರುತ್ತಾರೆ. ಬೆಂಗಳೂರಿನ ಯಾವುದೋ ದೊಡ್ಡ ಖಾಸಗಿ ಆಸ್ಪತ್ರೆ ‘ಇಎಸ್‌ಐ ಪಟ್ಟಿಯಲ್ಲಿದೆ’ ಎಂದು ಕೇಳಿ ನೇರವಾಗಿ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತಾರೆ, ಆಮೇಲೆ ಬಿಲ್ ನೋಡಿ ಬೆಚ್ಚುತ್ತಾರೆ. ಕ್ರಮ ಹೀಗಲ್ಲ. ಮೊದಲು ಕಾರ್ಡಿನಲ್ಲಿ ನಮೂದಾದ ಡಿಸ್ಪೆನ್ಸರಿ. ನಮ್ಮ ಭಾಗದ ಹೆಚ್ಚಿನವರಿಗೆ ಅದು ಹಿಂದೂಪುರದ್ದು. ಅಲ್ಲಿ ಆಗದಿದ್ದರೆ ಅವರು ಇಎಸ್‌ಐ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಆಂಧ್ರದಲ್ಲಿ ನಮಗೆ ಲೆಕ್ಕಕ್ಕೆ ಬರುವುದು ತಿರುಪತಿಯದು. ಕರ್ನಾಟಕದಲ್ಲಿ ಚಿಕಿತ್ಸೆ ತೆಗೆದುಕೊಳ್ಳುವವರಿಗೆ ಬೆಂಗಳೂರಿನ ರಾಜಾಜಿನಗರ, ಪೀಣ್ಯ, ಇಂದಿರಾನಗರದ ಆಸ್ಪತ್ರೆಗಳಿವೆ. ರಾಜಾಜಿನಗರದ್ದು ವೈದ್ಯಕೀಯ ಕಾಲೇಜು ಇರುವ ದೊಡ್ಡ ಆಸ್ಪತ್ರೆ. ಅಲ್ಲೂ ಇಲ್ಲದ ಚಿಕಿತ್ಸೆಯಾದರೆ ಮಾತ್ರ ಒಪ್ಪಂದದ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ, ದುಡ್ಡು ಕಟ್ಟದೆ. ಆ ರೆಫರಲ್ ಕಾಗದವೇ ಪ್ರಾಣ. ಅದಿಲ್ಲದೆ ಒಪ್ಪಂದದ ಆಸ್ಪತ್ರೆಗೆ ಹೋದರೆ ನೀವು ಎಲ್ಲರಂತೆ ದುಡ್ಡು ಕಟ್ಟುವ ರೋಗಿ.

ತುರ್ತು ಬಂದಾಗ ಈ ಕ್ರಮ ಹಿಡಿದು ಕೂರಬೇಡಿ. ಹಾವು ಕಚ್ಚಿದವರನ್ನು, ಎದೆನೋವಿನವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿ, ಡಿಸ್ಪೆನ್ಸರಿಗೆ ಆದಷ್ಟು ಬೇಗ ತಿಳಿಸಿ. ತುರ್ತು ಎಂದು ಆಸ್ಪತ್ರೆಯವರು ಬರೆದುಕೊಟ್ಟ ಪತ್ರ, ಡಿಸ್ಚಾರ್ಜ್ ಸಾರಾಂಶ, ಮೂಲ ಬಿಲ್ಲುಗಳನ್ನು ಇಟ್ಟುಕೊಂಡರೆ ಮರುಪಾವತಿ ಕೇಳಬಹುದು. ಸಿಗುವುದು ಸರ್ಕಾರ ನಿಗದಿ ಮಾಡಿದ ದರದವರೆಗೆ, ಖಾಸಗಿಯವರು ಹಾಕಿದಷ್ಟೂ ಅಲ್ಲ. ತಡವೂ ಆಗುತ್ತದೆ. ಮಾತ್ರೆ ಕೆಲವು ಸಲ ಡಿಸ್ಪೆನ್ಸರಿಯಲ್ಲಿ ದಾಸ್ತಾನು ಇರುವುದಿಲ್ಲ, ಸಾಲು ಉದ್ದ ಇರುತ್ತದೆ, ಒಂದು ದಿನದ ಕೆಲಸ ಹಾಳಾಗುತ್ತದೆ. ಇದನ್ನೆಲ್ಲ ಮುಚ್ಚಿಡುವುದಿಲ್ಲ. ಆದರೂ ತಿಂಗಳಿಗೆ ಒಂದು ದಿನ ಹಿಂದೂಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಖರ್ಚನ್ನೂ, ಔಷಧಿ ಅಂಗಡಿಯ ತಿಂಗಳ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಹೋಗುವುದನ್ನು ಬಿಟ್ಟಿಲ್ಲ.

ಕಿಡ್ನಿ, ಹೃದಯ, ಕ್ಯಾನ್ಸರ್‌ನಂತಹ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಇಷ್ಟು ಕಾಲ ಕೆಲಸ, ಇಷ್ಟು ದಿನ ಕಂತು ಎಂಬ ಪ್ರತ್ಯೇಕ ನಿಯಮ ಇದೆ. ಕಾರ್ಮಿಕರಿಗಿಂತ ಕುಟುಂಬದವರಿಗೆ ಈ ಅವಧಿ ಹೆಚ್ಚು. ಇದನ್ನು ಆಗಾಗ ಬದಲಾಯಿಸುತ್ತಾರೆ. ಆದ್ದರಿಂದ ಹೊಸದಾಗಿ ಸೇರಿದವರು ಡಿಸ್ಪೆನ್ಸರಿಯಲ್ಲಿ ಕೇಳಿ ತಿಳಿಯಬೇಕು. ಸಾಮಾನ್ಯ ಚಿಕಿತ್ಸೆಗೆ ಹೀಗೆ ಕಾಯಬೇಕಾಗಿಲ್ಲ, ಕೆಲಸಕ್ಕೆ ಸೇರಿದ ದಿನದಿಂದಲೇ ಹಕ್ಕು ಶುರು.

ಹೆರಿಗೆಯ ಬಗ್ಗೆ ಒಂದು ಮಾತು. ಸ್ವತಃ ಕಾರ್ಮಿಕಳಾದ ಹೆಣ್ಣುಮಗಳಿಗೆ 26 ವಾರದ ಸಂಬಳ ಸಹಿತ ಹೆರಿಗೆ ಸೌಲಭ್ಯ ಇದೆ. ಕಾರ್ಮಿಕನ ಹೆಂಡತಿಗೆ ಸಂಬಳ ಇಲ್ಲ, ಚಿಕಿತ್ಸೆ ಇದೆ. ಇಎಸ್‌ಐ ಸೌಲಭ್ಯ ಇಲ್ಲದ ಕಡೆ ಹೆರಿಗೆ ಆದರೆ, ಎರಡು ಹೆರಿಗೆಯವರೆಗೆ, ತಲಾ 7,500 ರೂಪಾಯಿ ಕೇಳಿ ಪಡೆಯಬಹುದು. ಬಾಣಂತನಕ್ಕೆ ತವರಿಗೆ ಹೋಗುವ ಪದ್ಧತಿ ನಮ್ಮದು. ತವರು ಇಂತಹ ಊರಾಗಿದ್ದರೆ ಈ ದುಡ್ಡನ್ನು ಬಿಡಬೇಡಿ.

ಸಂಬಳ ಏರಿದಾಗ, ಕೆಲಸ ಬಿಟ್ಟಾಗ

ಇಎಸ್‌ಐ ವರ್ಷವನ್ನು ಎರಡು ಭಾಗ ಮಾಡುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಕಂತಿಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಂತಿಗೆ ಜುಲೈನಿಂದ ಡಿಸೆಂಬರ್‌ವರೆಗೆ. ಒಂದು ಭಾಗದಲ್ಲಿ ಕನಿಷ್ಠ 78 ದಿನದ ಕಂತು ಬಿದ್ದಿರಬೇಕು. ಇದು ಮೊದಲು ಗೋಜಲಾಗಿ ಕಂಡರೂ ಕಷ್ಟಕಾಲದಲ್ಲಿ ಕೈ ಹಿಡಿಯುವುದು ಇದೇ ಲೆಕ್ಕ. ಸೆಪ್ಟೆಂಬರ್ ಕೊನೆಗೆ ಕಂಪನಿ ಕೆಲಸದಿಂದ ತೆಗೆದರೂ ಮುಂದಿನ ಜೂನ್ 30ರವರೆಗೆ ಕಾರ್ಡು ಜೀವಂತ. ಕೆಲಸ ಹೋಯಿತು ಎಂದು ಅದನ್ನು ಪೆಟ್ಟಿಗೆಯಲ್ಲಿ ಹಾಕಿಬಿಡಬೇಡಿ. ಹೊಸ ಕಂಪನಿಗೆ ಸೇರಿದಾಗ ಹಳೆಯ ವಿಮಾ ಸಂಖ್ಯೆಯನ್ನೇ ಕೊಡಿ. ಹೊಸ ಸಂಖ್ಯೆ ಮಾಡಿಸಿಕೊಂಡರೆ ಹಿಂದಿನ ಸೇವೆಯೂ ಕುಟುಂಬದ ವಿವರವೂ ಹಳೆಯದರಲ್ಲೇ ಉಳಿದುಬಿಡುತ್ತವೆ.

ಸಂಬಳ ಏರಿದಾಗಲೂ ಇದೇ. 20,500 ಇದ್ದದ್ದು ಮೇ ತಿಂಗಳಲ್ಲಿ 21,600 ಆಯಿತು ಎಂದುಕೊಳ್ಳಿ. ಆ ತಿಂಗಳೇ ಇಎಸ್‌ಐ ನಿಲ್ಲುವುದಿಲ್ಲ. ಸೆಪ್ಟೆಂಬರ್ 30ರವರೆಗೆ ಕಂತು ಕಟ್ಟಲೇಬೇಕು, ಅದರ ಸೌಲಭ್ಯ ಮುಂದಿನ ಜೂನ್‌ವರೆಗೆ ಇರುತ್ತದೆ. ಓವರ್‌ಟೈಮ್ ದುಡ್ಡು ಸೇರಿ 21,000 ದಾಟಿತು ಎಂದು ಯಾರನ್ನೂ ಹೊರಗೆ ಹಾಕುವಂತಿಲ್ಲ. ಓವರ್‌ಟೈಮ್ ಮೇಲೆ ಕಂತು ಹಿಡಿಯುತ್ತಾರೆ, ಮಿತಿಯ ಲೆಕ್ಕಕ್ಕೆ ಮಾತ್ರ ಅದನ್ನು ಸೇರಿಸುವುದಿಲ್ಲ. ಆದರೆ ಜೂನ್ ಆದಮೇಲೆ? ಆರುನೂರು ರೂಪಾಯಿ ಹೆಚ್ಚು ಸಂಬಳಕ್ಕೆ ಅಪ್ಪ ಅಮ್ಮನ ಚಿಕಿತ್ಸೆ ಇಡಿಯಾಗಿ ಹೋಗುತ್ತದೆ. 2017ರಿಂದ ಮಿತಿ ಕದಲಿಲ್ಲ, ಸಂಬಳಗಳು ಕದಲಿವೆ. ಅದನ್ನು ಏರಿಸಬೇಕೆಂಬ ಕಾರ್ಮಿಕ ಸಂಘಟನೆಗಳ ಬೇಡಿಕೆ ನಮಗೆ ನ್ಯಾಯವಾಗಿಯೇ ಕಾಣುತ್ತದೆ. ಅಲ್ಲಿಯವರೆಗೆ, ಮಿತಿಯ ಹತ್ತಿರ ಬಂದ ಹುಡುಗರು ಸಂಬಳ ಏರುವ ಮುಂಚೆಯೇ ಕಂಪನಿಯ ಗುಂಪು ವಿಮೆಯಲ್ಲಿ ತಂದೆ ತಾಯಿಯನ್ನು ಸೇರಿಸಲು ಆಗುತ್ತದೆಯೇ ಎಂದು ಕೇಳಿಟ್ಟುಕೊಳ್ಳಬೇಕು.

ಎಪ್ಪತ್ತು ದಾಟಿದ ಹಿರಿಯರಿಗೆ ಇನ್ನೊಂದು ಆಸರೆ ಇದೆ. 2024ರ ಅಕ್ಟೋಬರ್ 29ರಿಂದ 70 ವರ್ಷ ಮೇಲ್ಪಟ್ಟ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಇಎಸ್‌ಐ ಇದ್ದವರಿಗೂ ಅದು ಸಿಗುತ್ತದೆ. ಎರಡನ್ನೂ ಮಾಡಿಸಿಡಿ. ಕಾರ್ಮಿಕರೇ ನಿವೃತ್ತರಾದರೆ, ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಹೆಂಡತಿಗೂ, ಅಥವಾ ಗಂಡನಿಗೂ, ಚಿಕಿತ್ಸೆ ಮುಂದುವರಿಸಬಹುದು. 120 ಎಂಬುದು ಅಚ್ಚಿನ ತಪ್ಪಲ್ಲ, ತಿಂಗಳಿಗೆ ಹತ್ತೇ ರೂಪಾಯಿ.

ಹೊರದೇಶದಿಂದ ಈ ಪುಟ ಓದುವವರೂ ಇರುವುದರಿಂದ ಒಂದು ಹೋಲಿಕೆ. ಥಾಯ್ಲೆಂಡಿನಲ್ಲಿ ಸಾಮಾಜಿಕ ಭದ್ರತೆಯ ಕಾನೂನು 1990ರದು. ಅಲ್ಲಿ ಕಾರ್ಮಿಕರೂ ಮಾಲೀಕರೂ ತಲಾ ಶೇ. 5 ಕಟ್ಟುತ್ತಾರೆ, ಸರ್ಕಾರವೂ ಸೇರಿಸುತ್ತದೆ, ಕಾರ್ಮಿಕ ತಾನು ಆರಿಸಿಕೊಂಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಾನೆ. ಆದರೆ ಆ ಚಿಕಿತ್ಸೆ ಅವನೊಬ್ಬನಿಗೆ. ಹೆಂಡತಿಗೆ ಹೆರಿಗೆಯ ಸಹಾಯಧನ, ಸಣ್ಣ ಮಕ್ಕಳಿಗೆ ತಿಂಗಳ ಭತ್ಯೆ ಉಂಟು, ಅವರ ಆಸ್ಪತ್ರೆ ಖರ್ಚು ಅದರಲ್ಲಿ ಇಲ್ಲ. ಥಾಯ್ ಪ್ರಜೆಗಳಿಗೆ 2002ರಿಂದ ಇರುವ ಸಾರ್ವತ್ರಿಕ ಆರೋಗ್ಯ ಯೋಜನೆ ಆ ಕೊರತೆ ತುಂಬುತ್ತದೆ. ಬ್ಯಾಂಕಾಕಿಗೆ ಕೆಲಸಕ್ಕೆ ಹೋದ ನಮ್ಮವರ ಹೆಂಡತಿ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ, ಅವರು ಖಾಸಗಿ ವಿಮೆಯನ್ನೇ ನೋಡಿಕೊಳ್ಳಬೇಕು. ಹೋಗುವ ಮುಂಚೆ ಕಂಪನಿಯ ಕರಾರಿನಲ್ಲಿ ಕುಟುಂಬದ ವಿಮೆ ಇದೆಯೇ ಎಂದು ಓದಿ ನೋಡಿ.

ಮುಂದಿನ ತಿಂಗಳ ಸಭೆಯ ದಿನ, ಸಭೆಗೆ ಒಂದು ಗಂಟೆ ಮುಂಚೆ, ಇಎಸ್‌ಐ ಕಾರ್ಡುಗಳನ್ನು ನೋಡಿ ತಿದ್ದುಪಡಿಗೆ ಬೇಕಾದ ಕಾಗದ ತುಂಬಿಕೊಡಲು ನಮ್ಮಲ್ಲಿ ಇಬ್ಬರು ಕುಳಿತಿರುತ್ತಾರೆ. ಕಂಪನಿಗಳ ಎಚ್‌ಆರ್ ಕೆಲಸ ತಿಳಿದವರು ಅವರು. ತೆಲುಗಿನಲ್ಲಿರುವ ಕಾಗದ ಓದಲು ಕಷ್ಟವಾಗುವವರಿಗೂ ನೆರವಾಗುತ್ತಾರೆ. ಬರುವಾಗ ಮಗನ ಅಥವಾ ಮಗಳ ಇ-ಪೆಹಚಾನ್ ಕಾರ್ಡಿನ ಪ್ರತಿ, ಈಚಿನ ಸಂಬಳದ ಚೀಟಿ, ಅಪ್ಪ ಅಮ್ಮ ಇಬ್ಬರ ಆಧಾರ್, ರೇಷನ್ ಕಾರ್ಡು ತನ್ನಿ. ಆಧಾರ್‌ಗೆ ಜೋಡಿಸಿದ ಮೊಬೈಲನ್ನೂ ತನ್ನಿ, ಓಟಿಪಿ ಬರುವುದು ಅದಕ್ಕೇ. ಮಕ್ಕಳು ಬೆಂಗಳೂರಿನಲ್ಲಿ ಶಿಫ್ಟಿನಲ್ಲಿದ್ದು ಬರಲು ಆಗದಿದ್ದರೆ ಅಪ್ಪ ಅಮ್ಮನೇ ಬನ್ನಿ, ಮಕ್ಕಳ ಜೊತೆ ಫೋನಿನಲ್ಲಿ ಮಾತಾಡಿ ಏನು ಕೊರತೆ ಇದೆ ಎಂದು ಬರೆದುಕೊಡುತ್ತೇವೆ. ಶುಲ್ಕ ಏನೂ ಇಲ್ಲ.